ರಂಗಕ್ಕೆ ಬೆನ್ನು ಮಾಡಿ ಕೂತ ವೈನಿ

ನಮ್ಮ ವೈನಿ ತಮ್ಮ ನಾಟಕಗಳನ್ನು ತಾವು ನೋಡಿದವರಲ್ಲ. ಉದಗೀರವಿರಲಿ, ನಿಲಂಗಾ ಇರಲಿ, ಉಮರ್ಗಾದ ಸಂತೆ ಮೈದಾನವಿರಲಿ, ಪರದೆ ಏಳುವ ಹೊತ್ತಿಗೆ ಒಂದು ಕಬ್ಬಿಣದ ಮಡಚುಕುರ್ಚಿಯನ್ನು ರಂಗದ ಬಲಮೂಲೆಯ ಕೆಳಗೆ ಹಾಕಿಸಿಕೊಂಡು, ರಂಗಕ್ಕೆ ಬೆನ್ನು ಮಾಡಿ, ಮಂದಿಯ ಕಡೆ ಮುಖ ಮಾಡಿ ಕೂತುಬಿಡುತ್ತಿದ್ದರು. ಹಣೆಯ ಮೇಲೆ ಮೂರು ಬೆರಳಿನ ವಿಭೂತಿ, ಕೊರಳಲ್ಲಿ ಲಿಂಗದ ಬೆಳ್ಳಿಯ ಕರಡಿಗೆ, ತಲೆಯ ಮೇಲೆ ಇಳಕಲ್ ಸೀರೆಯ ಸೆರಗು. ಮದುವೆಯ ಮನೆಯಲ್ಲಿ ಬೀಗರ ಸಾಲನ್ನು ಎಣಿಸುವ ಹಿರಿಯಳ ಹಾಗೆ ಕಾಣುತ್ತಿದ್ದರು. ಮುಂದಿನ ಸಾಲಿನವರಿಗೆ ಮೊದಲು ಕಸಿವಿಸಿ. ಆಮೇಲೆ ಹಾಡು ಶುರುವಾಗಿ ಅವರು ವೈನಿಯನ್ನು ಮರೆಯುತ್ತಿದ್ದರು. ವೈನಿ ಕಾಯುತ್ತಿದ್ದದ್ದು ಆ ಮರೆವಿಗೇ.

ಒಮ್ಮೆ ಉಮರ್ಗಾದಲ್ಲಿ ಒಬ್ಬ ತಡೆಯಲಾರದೆ ಹೇಳಿದ: "ಅಕ್ಕಾ, ನಾಟಕ ನಿಮ್ಮ ಹಿಂದ ನಡದದ."

"ನನಗ ಗೊತ್ತದೋ ತಮ್ಮಾ. ಅದು ನಿನಗ ಮುಟ್ಟತದೋ ಇಲ್ಲೋ ನೋಡ್ಲಾಕತ್ತೀನಿ. ನೀ ಆ ಕಡಿ ನೋಡು."

ಈ ಶ್ರಾವಣದಲ್ಲಿ ವೈನಿ ತೀರಿಕೊಂಡರು. ಪತ್ರಿಕೆಯವರು ಕನ್ನಡದಲ್ಲೂ ಮರಾಠಿಯಲ್ಲೂ 'ಚಲನಚಿತ್ರ, ದೂರದರ್ಶನ ಮತ್ತು ಸಂಗೀತ ನಾಟಕಗಳ ನಿರ್ಮಾಪಕಿ' ಎಂದು ಬರೆದರು. ಬರೆದದ್ದು ಸರಿಯೇ. ಆದರೆ ನಮ್ಮ ಸೀಮೆಯಲ್ಲಿ ಆ ಮಾತಿನ ಅರ್ಥ ಬಹಳ ಜನಕ್ಕೆ ಗೊತ್ತಿಲ್ಲ. ವೈನಿ ಇರುವಾಗಲೂ ಗೊತ್ತಿರಲಿಲ್ಲ. ಒಂದು ಸೀಮಂತದಲ್ಲಿ ಪಕ್ಕದಲ್ಲಿ ಕೂತ ಹೆಂಗಸು ಕೇಳಿದ್ದು ನನಗೆ ನೆನಪಿದೆ.

"ನೀವು ಹಾಡ್ತೀರೇನ್ರೀ?"

"ಇಲ್ರೀ."

"ಬರೀತೀರಿ?"

"ಸಹಿ ಹಾಕ್ಲಾಕ ಬರ್ತದ."

"ಮತ್ತ, ಕುಣೀತೀರಿ?"

"ಈ ಮೈ ನೋಡಿ ಕೇಳಲಾಕತ್ತೀರೇನವ್ವಾ?" ಎಂದು ವೈನಿ ನಕ್ಕರು.

"ಹಂಗಾರ ನೀವು ಮಾಡೂದರೆ ಏನು?"

"ಇನ್ನಾ ಹುಟ್ಟಲಾರದ್ದನ್ನ ಅದ ಅಂತ ನಾಲ್ಕ ಮಂದಿಗಿ ನಂಬಸ್ತೀನಿ. ಆಮ್ಯಾಲ ಅವರೇ ಓಡ್ಯಾಡಿ ಅದನ್ನ ಖರೇ ಮಾಡ್ತಾರ."

ನಾನು ಆ ನಾಲ್ಕು ಮಂದಿಯಲ್ಲಿ ಒಬ್ಬಳು. ಆದ್ದರಿಂದ ಬರೆಯುತ್ತಿದ್ದೇನೆ.

ವೈನಿ ಎಂದರೆ ಅತ್ತಿಗೆ; ಕಂಪನಿಯವರೆಲ್ಲ ಹಾಗೇ ಕರೆಯುತ್ತಿದ್ದ ಅವರು ಉದಗೀರದ ಕಾಳಿನ ವ್ಯಾಪಾರಿಗಳ ಮನೆಯ ಸೊಸೆ. ಅವರ ಯಜಮಾನರನ್ನು ಊರೆಲ್ಲ ಸಾವುಕಾರರು ಎನ್ನುತ್ತಿತ್ತು. ಸಾವುಕಾರಿಕೆಯ ಗತ್ತು ಮಾತ್ರ ಅವರಲ್ಲಿ ಸಾಸಿವೆಯಷ್ಟೂ ಇರಲಿಲ್ಲ. ಜೋಳ, ತೊಗರಿಯ ಅಂಗಡಿಯಲ್ಲಿ ದಿನವಿಡೀ ಕೂತು, ಬಂದವರಿಗೆಲ್ಲ, "ನಮ್ಮಾಕಿ ಎಲ್ಲಿ ಹೋಗ್ಯಾಳ ನನಗ ಗೊತ್ತಿಲ್ಲ, ಎಲ್ಲಿದ್ರೂ ಅಲ್ಲಿ ಗದ್ದಲ ಇರ್ತದ, ಹುಡಿಕ್ಕೊಂಡು ಹೋಗ್ರಿ," ಎನ್ನುತ್ತಿದ್ದರು. ಅದನ್ನು ಹೇಳುವಾಗ ಅವರ ಮುಖದಲ್ಲಿ ಮಗಳು ಪರೀಕ್ಷೆಯಲ್ಲಿ ಪಾಸಾದಂಥ ಹಿಗ್ಗು.

ಶುರುವಾದದ್ದು ಹೇಗೆ ಎಂಬುದನ್ನು ನಾನು ಮಾಸ್ತರರ ಬಾಯಿಂದ ಕೇಳಿದ್ದೇನೆ. ಮಾಸ್ತರರೆಂದರೆ ನಮ್ಮ ಕಂಪನಿಯ ಹಾರ್ಮೋನಿಯಂ, ನಮ್ಮೆಲ್ಲ ಹಾಡುಗಳಿಗೆ ಧಾಟಿ ಕಟ್ಟಿದವರು. ಆಗ ಅವರು ಬೇರೊಂದು ಸಂಗೀತ ನಾಟಕ ಕಂಪನಿಯಲ್ಲಿದ್ದರು. ಉದಗೀರದಲ್ಲಿ ಕ್ಯಾಂಪು. ಮಾಲಕ ಕಾಯಿಲೆ ಬಿದ್ದು ತನ್ನೂರಿಗೆ ಹೋದ, ಮರಳಲಿಲ್ಲ. ನಟನಟಿಯರು ತಂಬುವಿನಲ್ಲಿ ಉಂಡು ಮಲಗಿ ದಿನ ನೂಕುತ್ತಿದ್ದರು. ಅವರಿಗೆ ಜೋಳ ಕೊಡುತ್ತಿದ್ದ ಸಾವುಕಾರರು ಒಂದು ದಿನ ಮಧ್ಯಾಹ್ನ ಊಟಕ್ಕೆ ಕೂತಾಗ ಹೆಂಡತಿಯ ಮುಂದೆ, "ಹಾಡೋ ಮಂದಿ ಹಿಂಗ ಸುಮ್ಮ ಕುಂತಿದ್ದು ನೋಡ್ಲಾಕ ಆಗಲ್ದು," ಎಂದರಂತೆ. ವೈನಿ ಕೈ ತೊಳೆದುಕೊಂಡು ನೇರ ಕ್ಯಾಂಪಿಗೆ ಹೋದರು. ಅಲ್ಲಿಯವರೆಗೆ ಅವರು ನಾಟಕದ ಕ್ಯಾಂಪಿನೊಳಗೆ ಕಾಲಿಟ್ಟವರಲ್ಲ.

"ಪರದಿ ಯಾವಾಗ ಏಳಬೇಕು ಅಂತ ಇಲ್ಲಿ ಹೇಳೋರು ಯಾರು?" ಎಂದು ಕೇಳಿದರು.

ಒಬ್ಬ ಮಾಲಕನ ಖಾಲಿ ಕುರ್ಚಿಯ ಕಡೆ ಕೈ ತೋರಿಸಿದ.

"ಯಾರೂ ಇಲ್ಲಂದ್ರ ನಾ ಹೇಳ್ತೀನಿ. ನಾಡದು ಸಂಜಿಗಿ ಏಳ್ತದ. ಏನೇನು ಬೇಕು ಹೇಳ್ರಿ."

ಮಾಸ್ತರರು ಇದನ್ನು ಹೇಳುವಾಗೆಲ್ಲ ಎರಡೂ ಕೈ ಮೇಲೆತ್ತುತ್ತಿದ್ದರು: "ಆಕಿಗಿ ಸರಿಗಮ ಗೊತ್ತಿಲ್ಲ, ತಾಳ ಗೊತ್ತಿಲ್ಲ. ಖರೇ ಆ ದಿನ ನಮಗ ಎಲ್ಲಾರಿಗೂ ಉಸಿರು ಬಂತು ನೋಡು." ಹೇಳಿದ ದಿನ ಪರದೆ ಎದ್ದಿತು. ಆಮೇಲೆ ಅದು ವೈನಿಯ ಕಂಪನಿಯೇ ಆಯಿತು.

ನಾನು ಗುಂಜೋಟಿಯ ಕಡೆಯವಳು. ಕುರಿ ಕಾಯುವ ಮನೆತನ, ಬೀರಪ್ಪನ ಒಕ್ಕಲು. ಅಪ್ಪ ಡೊಳ್ಳಿನ ಮುಂದೆ ನಿಂತು ಹಾಡುತ್ತಿದ್ದ. ನಾನು ಅವನ ಹಿಂದೆ ನಿಂತು ಕಲಿತವಳು. ಹರೆಯ ತುಂಬಿದ್ದಾಗ ಧೈರ್ಯ ಮಾಡಿ ಉಮರ್ಗಾಕ್ಕೆ ಬಂದು, ಕಂಪನಿಯಲ್ಲಿ ಜಾಗ ಕೇಳಿದೆ. ವೈನಿ ಒಂದು ಬಾಡಿಗೆ ಕೋಣೆಯ ಕಿಟಕಿಯ ಹತ್ತಿರ ಕೂತಿದ್ದರು. ನಾನು ಒಂದು ಸಿನಿಮಾ ಹಾಡು ಕಲಿತು ಹೋಗಿದ್ದೆ. ಎರಡು ಸಾಲು ಹಾಡುವುದರೊಳಗೆ ಕೈ ಎತ್ತಿ ನಿಲ್ಲಿಸಿದರು.

"ಇದು ಬ್ಯಾಡ. ಹೊಲದಾಗಿಂದ ನಿಮ್ಮವ್ವಗ ಹ್ಯಾಂಗ ಕರೀತಿ, ಹಂಗ ಕರಿ."

ನನಗೆ ನಾಚಿಕೆ. ಆದರೂ ಕಣ್ಣು ಮುಚ್ಚಿ, ನಾಲೆಯ ಈಚೆಗೆ ನಿಂತಿದ್ದೇನೆ, ಅವ್ವ ಆಚೆ ದಂಡೆಯಲ್ಲಿದ್ದಾಳೆ ಎಂದುಕೊಂಡು ಕರೆದೆ: "ಯವ್ವಾ ಓ ಯವ್ವಾ…" ಕಣ್ಣು ತೆರೆದಾಗ ವೈನಿ ನನ್ನನ್ನು ನೋಡುತ್ತಿರಲಿಲ್ಲ. ಕಿಟಕಿಯಿಂದ ರಸ್ತೆಯಾಚೆಯ ಚಹಾದ ಅಂಗಡಿಯನ್ನು ನೋಡುತ್ತಿದ್ದರು.

"ಚಹಾದಾಂವಾ ಕೆಟ್ಲಿ ಕೆಳಗಿಟ್ಟು ಈ ಕಡಿ ನೋಡ್ಲಾಕತ್ತಾನ," ಎಂದರು. "ಆತು. ನೀ ಬಾ. ಹೆಸರೇನು?"

"ಗಂಗವ್ವರೀ."

"ಗಂಗೀ, ಊಟಾ ಆಗ್ಯಾದಿಲ್ಲ?"

ಅಂದಿನಿಂದ ನಾನು ಅವರಿಗೆ ಗಂಗಿ.

ಅವರೊಡನೆ ಕೆಲಸ ಮಾಡುವುದು ಸುಲಭವೇನಾಗಿರಲಿಲ್ಲ. ಯಾವ ಮಾತನ್ನೂ ಸುತ್ತಿ ಬಳಸಿ ಹೇಳುತ್ತಿರಲಿಲ್ಲ. ಹೇಳಬೇಕಾದದ್ದನ್ನು ಮುಖ ನೋಡಿಯೇ ಹೇಳುತ್ತಿದ್ದರು. ಒಬ್ಬ ರಾಜಪಾತ್ರದವನಿಗೆ, ಅವನು ಕಿರೀಟ ಇಟ್ಟುಕೊಂಡು ನಿಂತಿದ್ದಾಗಲೇ, "ನಿನ್ನ ರಾಜಾಗ ಹಸಿವಿ ಇಲ್ಲ, ಅದಕ್ಕ ಯಾರೂ ಅವಗ ಅಂಜವಲ್ರು," ಎಂದಿದ್ದರು. ಅವನು ಎರಡು ದಿನ ಮಾತು ಬಿಟ್ಟ. ಮೂರನೆಯ ದಿನದ ಆಟದಲ್ಲಿ ಅವನು ಸಿಂಹಾಸನದ ಮೇಲೆ ಕೂತ ರೀತಿಗೆ ಮುಂದಿನ ಸಾಲಿನ ಹೆಂಗಸರು ಸೆರಗು ಸರಿಮಾಡಿಕೊಂಡರು.

ಕನ್ನಡ, ಮರಾಠಿ ಕೂಡುವ ನಮ್ಮ ಗಡಿಸೀಮೆಯಲ್ಲಿ ಭಾಷೆಯ ಜಗಳ ಇದ್ದದ್ದೇ. ನಿಲಂಗಾದಲ್ಲಿ ಹೊಸ ನಾಟಕ ಹಾಕುವ ಮುಂಚೆ, ಕನ್ನಡದಲ್ಲೇ ಆಡಬೇಕೆಂದು ಒಂದು ಗುಂಪು, ಮರಾಠಿಯಲ್ಲೇ ಆಡಬೇಕೆಂದು ಇನ್ನೊಂದು ಗುಂಪು ಕ್ಯಾಂಪಿಗೆ ಬಂದವು. ನಾಟಕ ಬರೆದವರು ಹೆದರಿ ಒಳಗೆ ಕೂತರು. ವೈನಿ ಎರಡೂ ಗುಂಪಿಗೆ ಚಹಾ ಕೊಡಿಸಿ, "ನಿಮ್ಮ ಮನ್ಯಾಗ ಹ್ಯಾಂಗ ಮಾತಾಡ್ತೀರಿ, ಹಂಗ ಆಡ್ತೀವಿ. ಬಂದು ನೋಡ್ರಿ, ಚೂಕ ಇದ್ರ ಹೇಳ್ರಿ," ಎಂದು ಕಳಿಸಿದರು. ಆಮೇಲೆ ಲೇಖಕರನ್ನು ಕೂರಿಸಿಕೊಂಡು ನಾಟಕ ಬದಲಿಸಿದರು. ತಾಯಿ ಕನ್ನಡ ಆಡುತ್ತಾಳೆ. ಪೇಟೆಗೆ ಹೋದ ಮಗ ಮರಾಠಿ ಆಡುತ್ತಾನೆ. ಜಮಾದಾರ ದಖನಿಯಲ್ಲಿ ಬೈಯುತ್ತಾನೆ. ಅತ್ತೆಸೊಸೆ ಜಗಳವಾಡುವಾಗ ಒಂದು ಭಾಷೆಯಲ್ಲಿ ಶುರುಮಾಡಿ ಇನ್ನೊಂದರಲ್ಲಿ ಮುಗಿಸುತ್ತಾರೆ.

"ಇದು ಯಾವ ಭಾಷೆಯ ನಾಟಕ ಎಂದು ಜಾಹೀರಾತಿನಲ್ಲಿ ಹಾಕಲಿ?" ಎಂದರು ಲೇಖಕರು.

"ನಿಲಂಗಾದ ನಾಟಕ ಅಂತ ಹಾಕ್ರಿ."

ಎರಡೂ ಗುಂಪಿನವರು ಬಂದು ನೋಡಿದರು. ಅತ್ತೆಸೊಸೆ ಜಗಳಕ್ಕೆ ಇಡೀ ತಂಬು ಕುಲುಕಿ ಕುಲುಕಿ ನಕ್ಕಿತು. ತಪ್ಪು ಹೇಳಲು ಯಾರೂ ಬರಲಿಲ್ಲ.

ಭೂಕಂಪವಾದಾಗ ನಮ್ಮ ಕ್ಯಾಂಪು ಉಮರ್ಗಾದಲ್ಲಿತ್ತು. ನಮಗೆ ಯಾರಿಗೂ ಏನೂ ಆಗಲಿಲ್ಲ. ಬೆಳಗಾಗುತ್ತಿದ್ದಂತೆ ಸಾಸ್ತೂರಿನ ಕಡೆ ಊರಿಗೂರೇ ನೆಲಸಮವಾದ ಸುದ್ದಿ ಬಂತು. ಮೇಲಿಂದ ಮಳೆ. ವೈನಿ ಉದಗೀರದಿಂದ ಜೀಪಿನಲ್ಲಿ ಬಂದಿಳಿದು, ನಮ್ಮನ್ನೆಲ್ಲ ಒಮ್ಮೆ ಕಣ್ಣಲ್ಲೇ ಎಣಿಸಿ, "ತಂಬು ಬಿಚ್ಚರಿ," ಎಂದರು.

ಮಾಸ್ತರರು ಮೆಲ್ಲಗೆ ಹೇಳಿದರು: "ವೈನೀ, ತಂಬು ಹೋದ್ರ ಕಂಪನಿ ಹೋದಂಗರೀ."

"ಮಾಸ್ತರ, ಅಲ್ಲಿ ಕೂಸುಗೋಳು ಮಳಿಯಾಗ ನಿಂತಾವ."

ತಂಬು, ಕನಾತು, ಜಮಖಾನೆ, ಕಡೆಗೆ ಬಣ್ಣ ಬರೆದ ಪರದೆಗಳೂ ಲಾರಿ ಏರಿದವು. ನಾವೂ ಏರಿದೆವು. ಸಾಸ್ತೂರಿನಲ್ಲಿ ಅಂದು ನಾನು ಕಂಡದ್ದನ್ನೆಲ್ಲ ಬರೆಯಲಾರೆ. ಒಂದನ್ನು ಮಾತ್ರ ಬರೆಯುತ್ತೇನೆ. ಎಣ್ಣೆಬಣ್ಣದ ಪರದೆಯಿಂದ ನೀರು ಇಳಿಯುವುದಿಲ್ಲ ಎಂದು, ಅರಮನೆಯ ಪರದೆಯನ್ನು ನಾಲ್ಕು ಗೂಟಕ್ಕೆ ಕಟ್ಟಿ ಒಂದು ಸಂಸಾರವನ್ನು ಕೂರಿಸಿದೆವು. ತಲೆಯ ಮೇಲೆ ಬಂಗಾರದ ಕಂಬ, ನವಿಲು, ಕಾರಂಜಿ. ಅದರ ಕೆಳಗೆ ಒಬ್ಬ ಮುದುಕ, ಸೊಸೆ, ಎರಡು ಎಮ್ಮೆ. ಮುದುಕ ಬಹಳ ಹೊತ್ತು ಮೇಲೆ ನೋಡಿ, "ಇದು ಯಾರ ವಾಡೇರೀ?" ಎಂದು ಕೇಳಿದ. ಅವನ ಬುದ್ಧಿ ಆ ದಿನ ನೆಟ್ಟಗಿರಲಿಲ್ಲ.

"ನಿಮ್ಮದೇರೀ ಅಪ್ಪಾ," ಎಂದರು ವೈನಿ. "ಎಷ್ಟ ದಿನಾ ಬೇಕಾದ್ರೂ ಇರ್ರಿ."

ಆ ತಂಬು, ಪರದೆಗಳನ್ನು ಅವರು ಯಾರಿಂದಲೂ ಮರಳಿ ಕೇಳಲಿಲ್ಲ. ನಾವು ಊರುಗಳಿಗೆ ಚದುರಿದೆವು. ವೈನಿ ಉದಗೀರದ ಅಂಗಡಿಯಲ್ಲಿ ಕೆಲವು ತಿಂಗಳು ಗಂಡನ ಪಕ್ಕದಲ್ಲಿ ಕೂತು ಜೋಳ ತೂಗಿದರಂತೆ. ಒಂದು ದಿನ ಮಾಸ್ತರರನ್ನು ಕರೆಸಿ ಕೇಳಿದರು: "ತಂಬು ಬ್ಯಾಡಾದ ನಾಟಕ ಯಾವುದದ್ರೀ?"

ಮಾಸ್ತರರು ತಮಾಷೆಗೆಂದರು: "ಸಿನಿಮಾ."

"ಹಂಗಾರ ಅದನ್ನ ಮಾಡೂಣು."

ಹೀಗೆ ವೈನಿ ಸಿನಿಮಾಕ್ಕೆ ಬಂದರು. ಕಥೆಯೂ ನಮ್ಮ ಸೀಮೆಯದೇ: ಬೇಸಿಗೆಯಲ್ಲಿ ಕುರಿ ಹೊಡೆದುಕೊಂಡು ದೂರ ಹೋದ ಒಬ್ಬ ಹೆಂಗಸು ಮರಳಿ ಬಂದಾಗ ಅವಳ ಊರು ಇದ್ದ ಜಾಗದಲ್ಲಿ ಇಲ್ಲ, ಭೂಕಂಪದ ನಂತರ ಹೊಸ ಮನೆಗಳಾಗಿ ಬೇರೆಲ್ಲೋ ಎದ್ದುನಿಂತಿದೆ. ಅವಳಿಗೆ ತನ್ನ ಬಾಗಿಲು ಯಾವುದು ಗೊತ್ತಾಗುವುದಿಲ್ಲ. ಆ ಪಾತ್ರ ನನಗೇ ಎಂದು ಎಲ್ಲರೂ ಹೇಳುತ್ತಿದ್ದರು. ಗುಂಜೋಟಿಯ ಹೊಲದಲ್ಲಿ ನನ್ನನ್ನು ನಿಲ್ಲಿಸಿ ಪರೀಕ್ಷೆಗೆಂದು ಸ್ವಲ್ಪ ಚಿತ್ರ ತೆಗೆದರು. ವೈನಿ ಅದನ್ನು ಉಮರ್ಗಾದಲ್ಲಿ ಹಮಾಲರಿಗೆ, ಕಾಯಿಪಲ್ಲೆ ಮಾರುವ ಹೆಂಗಸರಿಗೆ ತೋರಿಸಿದರಂತೆ. ಆಮೇಲೆ ಒಂದು ಮಧ್ಯಾಹ್ನ ಅವರ ಜೀಪು ನಮ್ಮ ಮನೆಯ ಮುಂದೆ ನಿಂತಿತು.

ಅವ್ವ ಕಂಬಳಿ ಹಾಸಿದಳು, ರೊಟ್ಟಿ ಬಡಿಯಲು ಹೊರಟಳು. ವೈನಿ ತಡೆದರು.

"ತಡಿಯವ್ವಾ. ನಾ ಹೇಳೂದು ಮೊದಲ ಕೇಳ್ರಿ. ಆಮ್ಯಾಲ ನನಗ ಊಟಕ್ಕ ಹಾಕಬೇಕೋ ಬ್ಯಾಡೋ ನೀವೇ ಹೇಳ್ರಿ." ನನ್ನ ಕಡೆ ತಿರುಗಿದರು. "ಗಂಗೀ, ಸಿನಿಮಾದಾಗ ನಿನ್ನ ಮಾರಿ ಇರಂಗಿಲ್ಲ."

ನಾನು ಕೈಯಿಂದ ಮುಖ ಮುಟ್ಟಿಕೊಂಡೆ. "ಯಾಕ್ರೀ?"

"ನೀ ಕಡೀ ಸಾಲಿನ ಮುದುಕಿಗಿ ಮುಟ್ಟೂಹಂಗ ಮಾಡ್ತಿ. ರಂಗದ ಮ್ಯಾಲ ನಿನ್ನಂಥಾಕಿ ಇಲ್ಲ. ಖರೇ ಕ್ಯಾಮೆರಾ ಮೂಗಿನ ಮುಂದ ಕುಂದರ್ತದ. ಅಲ್ಲಿ ನೀ ಜಗಳಾ ಆಡಿದಂಗ ಕಾಣ್ತದ. ಮಂದಿ ಹಿಂದಕ ಸರದ್ರು. ನಾ ನೋಡೀನಿ."

"ಮತ್ತ ಯಾರು ಮಾಡ್ತಾರ?"

"ಪುಣೆದಾಕಿ ಒಬ್ಬಾಕಿ ಬರ್ತಾಳ. ಆವಾಜ ನಿಂದೇ. ಹಾಡೆಲ್ಲ ನೀನೇ ಹಾಡಬೇಕು. ರೊಕ್ಕಾ ಹಾಕೋ ಮುಂಬೈಯವರು ದೊಡ್ಡ ಹೆಸರಿನಾಕಿ ಕಡಿಂದ ಹಾಡಸ್ರಿ ಅಂದಾರ. ಆವಾಜ ಬದಲಿ ಆದ್ರ ಸಿನಿಮಾನೇ ಬ್ಯಾಡ ಅಂತ ಹೇಳಿ ಬಂದೀನಿ."

ನಾನು ಒಳಗೆ ಹೋಗಿ ಗೋಡೆಗೆ ಮುಖ ಮಾಡಿ ಅತ್ತೆ. ಸ್ವಲ್ಪ ಹೊತ್ತಾದ ಮೇಲೆ ರೊಟ್ಟಿ ಬಡಿಯುವ ಸಪ್ಪಳ ಕೇಳಿಸಿತು. ಅವ್ವ ನನ್ನನ್ನು ಕೇಳದೆಯೇ ತೀರ್ಮಾನ ಮಾಡಿದ್ದಳು. "ಇಷ್ಟ ದೂರದಿಂದ ಮಾರಿ ತೋರ್ಸಿ ಹೇಳ್ಲಾಕ ಬಂದಾಳ," ಎಂದಳು ಆಮೇಲೆ. "ಬ್ಯಾರೇದವರಾದ್ರ ಹೇಳಿಕಳಸ್ತಿದ್ರು."

ಸಿನಿಮಾ ಉಮರ್ಗಾದ ಟಾಕೀಸಿಗೆ ಬಂದ ದಿನ ಗುಂಜೋಟಿಯ ಮಂದಿ ಟ್ರ್ಯಾಕ್ಟರು ಕಟ್ಟಿಕೊಂಡು ಬಂದಿದ್ದರು. ನಾನು ಅವ್ವನ ಜೊತೆ ಹಿಂದೆ ಕೂತಿದ್ದೆ. ವೈನಿ ತಮ್ಮ ಪದ್ಧತಿಯಂತೆ ಬಿಳಿಯ ಪರದೆಯ ಬುಡದಲ್ಲಿ ಮಂದಿಗೆ ಮುಖ ಮಾಡಿ ಕೂತಿದ್ದರು. ಮೊದಲ ಹಾಡು ಬಂತು. ಪರದೆಯ ಮೇಲೆ ಪುಣೆಯ ಹುಡುಗಿ ನಾಲೆಯ ದಂಡೆಯಲ್ಲಿ ಬಾಯಿ ತೆರೆದಳು. ಟಾಕೀಸು ತುಂಬಿದ್ದು ನನ್ನ ದನಿ. ನಡುವಿನ ಸಾಲಿನಲ್ಲಿ ಒಬ್ಬ ಮುದುಕ, ಅಪ್ಪನ ಜೊತೆ ಡೊಳ್ಳು ಬಾರಿಸುತ್ತಿದ್ದವನು, ಎದ್ದು ನಿಂತು ಕೂಗಿದ: "ಇದು ನಮ್ಮ ಮಾಳಪ್ಪನ ಮಗಳ ಆವಾಜರೋ!" ಹಿಂದೆ ತಿರುಗಿ ನನ್ನನ್ನು ಹುಡುಕಿದ. ಅವನ ಪಕ್ಕದವನು ತಿರುಗಿದ. ಆ ಸಾಲು ತಿರುಗಿತು, ಮುಂದಿನ ಸಾಲು ತಿರುಗಿತು. ಪರದೆಯ ಮೇಲೆ ಅಷ್ಟು ಚೆಂದದ ಹುಡುಗಿ ಹಾಡುತ್ತಿದ್ದರೆ, ಇವರೆಲ್ಲ ಕತ್ತಲಲ್ಲಿ ನನ್ನ ಕಡೆ ನೋಡುತ್ತಿದ್ದರು. ನಾನು ಸೆರಗಿನಿಂದ ಮುಖ ಮುಚ್ಚಿಕೊಂಡೆ. ಅವ್ವ ಸೆರಗು ಕಿತ್ತು ಕೆಳಗೆಳೆದಳು.

ಆಟ ಬಿಟ್ಟ ಮೇಲೆ ವೈನಿ ಬಂದು ನನ್ನ ಕೆನ್ನೆ ಹಿಡಿದರು. "ಇಷ್ಟ ವರ್ಷದಾಗ ಮಂದಿ ನನಗ ಬೆನ್ನ ತೋರ್ಸಿದ್ದು ಇವತ್ತೇ ಮೊದಲ. ಭಾಳ ಛಂದ ಕಾಣ್ತಿತ್ತು ಗಂಗೀ."

ಮರುದಿನದಿಂದ ಊರಿನ ಗೋಡೆಗಳ ಮೇಲೆ ಹೊಸ ಪೋಸ್ಟರು. ನಾಯಕಿಯ ಹೆಸರಿನ ಮೇಲೆ ನನ್ನ ಹೆಸರಿತ್ತು.

ದೂರದರ್ಶನಕ್ಕೂ ಹಾಗೆಯೇ ಹೋದರು, ಯಾರೂ ಕರೆಯದೆ. ಕಾಳಿನ ವ್ಯಾಪಾರಿಯ ಮನೆಯ ಇಬ್ಬರು ಸೊಸೆಯಂದಿರ ಕಥೆ. ನಡುನಡುವೆ ಬೀಸುವ, ಕುಟ್ಟುವ, ತೂಗುವ ಹಾಡುಗಳು. ಉದಗೀರದ ತಮ್ಮ ವಾಡೆಯಲ್ಲೇ ಚಿತ್ರೀಕರಣ. ಅಡುಗೆಮನೆಯಲ್ಲಿ ಲೈಟು ಹಾಕಿದ್ದರಿಂದ ಸಾವುಕಾರರ ಊಟ ಅಂಗಡಿಗೆ ವರ್ಗವಾಯಿತು. ಧಾರಾವಾಹಿ ಹೆಸರು ಮಾಡಿತು. ಬಸ್ಸಿನಲ್ಲಿ ಜನ ಸೊಸೆಯಂದಿರ ಬಗ್ಗೆ ಸ್ವಂತ ನೆಂಟರೆಂಬಂತೆ ಮಾತಾಡುತ್ತಿದ್ದರು. ಅಂಥ ಹೊತ್ತಿಗೆ ವೈನಿ, ಬರುವ ತಿಂಗಳು ಮುಗಿಸುತ್ತೇನೆ ಎಂದರು. ಮುಂಬೈಯಿಂದ ಚಾನೆಲ್ಲಿನ ಅಧಿಕಾರಿಯೊಬ್ಬ ಓಡಿಬಂದ. ಜನ ನೋಡುತ್ತಿದ್ದಾರೆ, ಹಿರಿಯ ಸೊಸೆಗೆ ವಿಷ ಹಾಕಿಸೋಣ, ಸತ್ತವಳು ಮರಳಿ ಬರಲಿ, ಇನ್ನೂ ಎಷ್ಟೋ ದಿನ ಎಳೆಯಬಹುದು ಎಂದು ಮರಾಠಿಯಲ್ಲಿ ವಿವರಿಸಿದ. ವೈನಿ ಮರಾಠಿಯಲ್ಲೇ ಉತ್ತರ ಕೊಟ್ಟು ಕಳಿಸಿ, ನಮಗೆ ಕನ್ನಡದಲ್ಲಿ ಹೇಳಿದರು: "ಸೊಸ್ತೇರು ಇಬ್ಬರೂ ಕೂಡಿ ಬಾಳ್ವಿ ಮಾಡ್ಲಾಕತ್ತಾರ. ಕಥಿ ಮುಗದದ. ಊಟಾ ಆದ ಮ್ಯಾಲೂ ಎಲಿ ಮುಂದ ಕುಂತ್ರ ನೊಣಾ ಬರ್ತಾವ."

ಧಾರಾವಾಹಿ ನಿಂತದ್ದಕ್ಕೆ ಎಲ್ಲರಿಗಿಂತ ಹೆಚ್ಚು ಸಂಕಟಪಟ್ಟವರು ಸಾವುಕಾರರು. ಹಿರಿಯ ಸೊಸೆ ಈಗ ಹೇಗಿದ್ದಾಳೆ ಎಂದು ಊಟಕ್ಕೆ ಕೂತಾಗೆಲ್ಲ ಕೇಳುತ್ತಿದ್ದರಂತೆ. "ಆರಾಮ ಅದಾಳ. ನೀವು ಉಣ್ರಿ," ಎನ್ನುತ್ತಿದ್ದರಂತೆ ವೈನಿ.

ವಯಸ್ಸಾಗುತ್ತ ವೈನಿಯ ಕಿವಿ ಹೋದವು. ಮೊದಮೊದಲು ಕೊಳಲು ಕೇಳಿಸಲಿಲ್ಲ, ಆಮೇಲೆ ಹಾರ್ಮೋನಿಯಂ, ಆಮೇಲೆ ನಮ್ಮ ಮಾತು. ಕಿವಿಯ ಹತ್ತಿರ ಒದರಿದರೆ ಮಾತ್ರ ಒಂದಿಷ್ಟು ಮುಟ್ಟುತ್ತಿತ್ತು. ಉಳಿದದ್ದನ್ನು ತುಟಿ ನೋಡಿ ತಿಳಿಯುತ್ತಿದ್ದರು. ಇನ್ನು ಅವರು ಮನೆಯಲ್ಲಿರುತ್ತಾರೆ ಎಂದು ನಾವೆಲ್ಲ ಅಂದುಕೊಂಡೆವು. ಆಗಲೇ ನನ್ನನ್ನೂ ಮಾಸ್ತರರನ್ನೂ ಉದಗೀರಕ್ಕೆ ಕರೆಸಿದರು.

"ಸಂಗೀತ ನಾಟಕ ಒಂದು ಮಾಡೂಣು," ಎಂದರು. "ದೊಡ್ಡದು."

ನಾವು ಮುಖ ಮುಖ ನೋಡಿಕೊಂಡದ್ದನ್ನು ಕಂಡು ನಕ್ಕರು. "ಕಿವಿ ಹೋಗ್ಯಾವ. ಕಣ್ಣ ಅದಾವಲ್ಲ. ನನ್ನ ಕೆಲಸಕ್ಕ ಕಣ್ಣ ಬೇಕು."

ಒಂದೇ ಬಾವಿಯ ನೀರಿಗಾಗಿ ಜಗಳಕ್ಕೆ ಬಿದ್ದು, ಕಡೆಗೆ ಒಬ್ಬರನ್ನು ಬಿಟ್ಟು ಒಬ್ಬರು ಇರಲಾರದಂತಾಗುವ ಇಬ್ಬರು ಹೆಂಗಸರ ಕಥೆ ಅದು. ಒಬ್ಬಳು ವ್ಯಾಪಾರಿಯ ಮನೆಯವಳು, ಒಬ್ಬಳು ಕುರಿಯವಳು. ಅದಕ್ಕಾಗಿ ವೈನಿ ಉದಗೀರದ ಭಜನೆಯ ವ್ಯಾಪಾರಿಗಳನ್ನೂ, ಶಿರೂರ ಅನಂತಪಾಳದ ಕಡೆಯ ಬೀರಪ್ಪನ ಡೊಳ್ಳಿನವರನ್ನೂ ಒಂದೇ ಅಂಗಳದಲ್ಲಿ ತಂದು ನಿಲ್ಲಿಸಿದರು. ಮೊದಲ ದಿನವೇ ಜಟಾಪಟಿ. ಡೊಳ್ಳಿನಲ್ಲಿ ನಮ್ಮ ಹಾಡು ಮುಳುಗುತ್ತದೆ ಎಂದು ಭಜನೆಯವರು. ತಾಳ ಎಳೆದು ನಮ್ಮ ಕಾಲು ಕಟ್ಟುತ್ತಾರೆ ಎಂದು ಡೊಳ್ಳಿನವರು. ಮಾಸ್ತರರು ಬೇಸತ್ತು ಪೆಟ್ಟಿಗೆ ಮುಚ್ಚಿದರು. ಎರಡೂ ಕಡೆಯವರು ವೈನಿಯ ಮುಂದೆ ಬಂದು ನ್ಯಾಯ ಕೇಳಿದರು.

"ನಾ ಕಿವುಡಿ," ಎಂದರು ವೈನಿ. "ನಿಮ್ಮ ಡೊಳ್ಳೂ ಕೇಳ್ಸಂಗಿಲ್ಲ, ನಿಮ್ಮ ಭಜನಿನೂ ಕೇಳ್ಸಂಗಿಲ್ಲ. ನಿಮ್ಮ ಕೈ, ಅವರ ಕೈ ಒಂದೇ ಸಲ ಎದ್ದು ಒಂದೇ ಸಲ ಬೀಳೂದು ನನಗ ಕಾಣಬೇಕು. ಅಷ್ಟ."

ಅವರು ಅಂಗಳದ ನಡುವೆ ಕೂತರು. ಡೊಳ್ಳಿನವರು ಒಂದು ಬದಿ, ತಾಳದವರು ಎದುರು ಬದಿ. ಇವರ ಕೈ ಅವರು ನೋಡಬೇಕು, ಅವರ ಕೈ ಇವರು ನೋಡಬೇಕು. ತಪ್ಪಿದಾಗ ವೈನಿ ಬೆರಳೆತ್ತುವರು. ದಿನಗಳು ಹೋದವು. ಒಂದು ಬೆಳಿಗ್ಗೆ ಬೆರಳು ಏಳಲೇ ಇಲ್ಲ. ಕೈಗಳು ಏಳುತ್ತಿದ್ದವು, ಬೀಳುತ್ತಿದ್ದವು. ಡೊಳ್ಳಿನ ಎದೆಯ ಮೇಲೆ ಭಜನೆ ಎತ್ತಿನ ಮೇಲಿನ ಗೆಜ್ಜೆಯ ಹಾಗೆ ನಡೆಯುತ್ತಿತ್ತು. ಮಾಸ್ತರರ ಕಣ್ಣಲ್ಲಿ ನೀರು. ಆ ಅಂಗಳದಲ್ಲಿ ಅದು ಕೇಳಿಸದೇ ಇದ್ದದ್ದು, ಅದನ್ನು ಮಾಡಿಸಿದವರಿಗೆ ಒಬ್ಬರಿಗೇ.

ಕುರಿಯವಳ ಪಾತ್ರ ನನ್ನದು. ಕೊನೆಯಲ್ಲಿ ಒಂದು ಕರೆಯುವ ಹಾಡು, ಬಹಳ ಮೇಲೆ ಏರುವಂಥದು. ನನ್ನ ದನಿಗೂ ವಯಸ್ಸಾಗಿತ್ತು. ಆ ಮೇಲಿನ ಸ್ವರಕ್ಕೆ ಹೋಗುವಾಗ ಕಾಲು ಜಾರಿದಂತಾಗುತ್ತಿತ್ತು. ಇದನ್ನು ವೈನಿಗೆ ಹೇಳಬೇಕೆಂದು ತಾಲೀಮಿನ ಮೇಲೆ ಅವರ ಹತ್ತಿರ ಹೋದೆ. ಬಾಯಿ ತೆರೆಯುವುದರೊಳಗೆ ಅವರೇ ಹೇಳಿದರು.

"ಮ್ಯಾಲಿನದಕ್ಕ ಹೋಗ್ಲಾಕ ನಿನಗ ತ್ರಾಸ ಆಗಲಾಕತ್ತದ, ಹೌದಿಲ್ಲೋ?"

"ನಿಮಗ ಹ್ಯಾಂಗ ಗೊತ್ತಾತ್ರೀ?"

"ಆ ಹಾಡಿಗಿ ಕೇಳೋರ ಎಲ್ಲಾರ ಗದ್ದ ಮ್ಯಾಲ ಏಳ್ತಾವ. ನಡುವೇ ನಿಂತು ಕೆಳಗ ಇಳೀತಾವ." ಮಾಸ್ತರರ ಕಡೆ ಕೈ ಮಾಡಿದರು. "ಮಾಸ್ತರ, ಎಲ್ಲಾನೂ ಕೆಳಗ ಇಳಸ್ರಿ. ನಮ್ಮ ಗಂಗಿಗಿ ಹ್ಯಾಂಗ ಕೂಡತದ, ಹಂಗ."

ಇಡೀ ನಾಟಕದ ಶ್ರುತಿಯನ್ನು ನನಗಾಗಿ ಇಳಿಸಿದರು. ಉದಗೀರದ ಮೊದಲ ಆಟಕ್ಕೆ ಜನ ಗೋಡೆಗಳ ಮೇಲೆಲ್ಲ ಕೂತಿದ್ದರು. ನಿಲಂಗಾದಲ್ಲಿ, ಉಮರ್ಗಾದಲ್ಲಿ, ಹೋದಲ್ಲೆಲ್ಲ ಹಾಗೆಯೇ. ಜನರಿಗೆ ಏನೂ ಕಡಿಮೆಯೆನಿಸಲಿಲ್ಲ. ನನಗೆ ಮಾತ್ರ ಕೊನೆಯ ಹಾಡು ಮುಗಿದಾಗೆಲ್ಲ, ತಲೆ ಬಗ್ಗಿಸಿಕೊಂಡು ತಗ್ಗು ಬಾಗಿಲನ್ನು ದಾಟಿದಂತೆನಿಸುತ್ತಿತ್ತು.

ಉಮರ್ಗಾದ ಆಟದ ಮರುದಿನ ವೈನಿ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡರು. "ಕಣ್ಣಿಗೂ ಮಬ್ಬ ಬಂದದ ಗಂಗೀ. ಹಿಂದಿನ ಸಾಲಿನ ಮಾರಿ ಕಾಣವಲ್ವು. ಇನ್ನ ಈ ಕಂಪನಿ ನಿಂದು. ಯಾರು ಹಾಡಬೇಕು, ಯಾರು ಬ್ಯಾಡ, ಎಲ್ಲಾ ನೀನೇ ಹೇಳು. ನನಗ ಕೇಳ್ಲಾಕ ಬರಬ್ಯಾಡ." ನಾನು ಏನೇನೋ ಹೇಳಿದೆ. ಅವರು ನನ್ನ ತುಟಿಯ ಕಡೆ ನೋಡಲೇ ಇಲ್ಲ.

ಕಂಪನಿ ಶಿರೂರ ಅನಂತಪಾಳಕ್ಕೆ ಹೋದಾಗ ನನಗೆ ಜ್ವರ. ಡೊಳ್ಳಿನ ಮೇಳದವರ ಮನೆಯ ಸೊಸೆ ಭಾಗ್ಯಶ್ರೀ, ಹಿಮ್ಮೇಳದಲ್ಲಿ ಹಾಡುವವಳು, ನನ್ನ ಪಾತ್ರ ಪೂರ್ತಿ ಬಾಯಿಪಾಠ ಮಾಡಿಕೊಂಡಿದ್ದಳು. ಇವತ್ತೊಂದು ದಿನ ನೀನು ಮಾಡು ಎಂದೆ. ಹೆದರಿಕೊಂಡೇ ಒಪ್ಪಿದಳು. ಮಾಸ್ತರರು ಅವಳ ದನಿಗೆ ತಕ್ಕ ಹಾಗೆ ಶ್ರುತಿಯನ್ನು ಮೊದಲಿದ್ದ ಜಾಗಕ್ಕೆ ಏರಿಸಿದರು. ಜ್ವರದಲ್ಲೇ ಕಂಬಳಿ ಹೊದ್ದು ಪರದೆಯ ಮರೆಯಲ್ಲಿ ನಿಂತು ಕೇಳಿದೆ. ಕೊನೆಯ ಹಾಡಿನಲ್ಲಿ ಅವಳು ಕರೆದಳು. ಆ ಕರೆ ಏರಿತು, ಏರಿತು, ಮಾಸ್ತರರು ಅದನ್ನು ಎಲ್ಲಿಗೆಂದು ಕಟ್ಟಿದ್ದರೋ ಅಲ್ಲಿಗೆ ಹೋಗಿ ನಿಂತಿತು. ಹಾಡು ಮುಗಿದ ಮೇಲೆ ಮಾಸ್ತರರು ನನ್ನ ಕಡೆ ತಿರುಗಿ ನೋಡಿದರು, ತಟ್ಟನೆ ಕಣ್ಣು ತಪ್ಪಿಸಿದರು. ನಾನು ಅವರ ಹತ್ತಿರ ಹೋಗಿ, "ನಾಳಿನಿಂದ ಇದೇ ಶ್ರುತಿರೀ ಮಾಸ್ತರ," ಎಂದೆ. ಅವರು ನನ್ನ ಕೈ ಹಿಡಿದುಕೊಂಡರು.

ಜ್ವರ ಬಿಟ್ಟ ಮೇಲೆ ಉದಗೀರಕ್ಕೆ ಹೋದೆ. ಕೇಳಲು ಬರಬೇಡ ಎಂದಿದ್ದರು. ನಾನು ಹೋದದ್ದು ಹೇಳಲು. ವೈನಿ ವಾಡೆಯ ಪಡಸಾಲೆಯಲ್ಲಿ ಕಂಬಕ್ಕೊರಗಿ ಕೂತಿದ್ದರು. ಕಣ್ಣಿನ ಮಬ್ಬಿಗೆ ತುಟಿಯೂ ಕಾಣದು. ಕಿವಿಯ ಹತ್ತಿರ ಬಗ್ಗಿ ಹೇಳಿದೆ. ಮುಟ್ಟಲಿಲ್ಲ. ಇನ್ನೂ ಜೋರಾಗಿ ಹೇಳಿದೆ. ತಲೆಯಾಡಿಸಿದರು. ಕೊನೆಗೆ ಇದ್ದಬದ್ದ ದನಿಯನ್ನೆಲ್ಲ ಕೂಡಿಸಿ ಒದರಿದೆ:

"ಆ ಪಾತ್ರದಾಗಿಂದ ನಾ ನನಗೇ ತಗದೀನ್ರೀ ವೈನೀ!"

ಪಕ್ಕದ ಅಂಗಡಿಯಿಂದ ಸಾವುಕಾರರು ಓಡಿಬಂದರು. "ಯಾರ್ನ ತಗದ್ರಿ? ಏನಾತು?"

ವೈನಿ ಗಂಡನಿಗೆ ಸುಮ್ಮನಿರಲು ಕೈ ಮಾಡಿದರು. ನನ್ನ ಕೈಯನ್ನು ತಡವಿ ಹುಡುಕಿ ತಮ್ಮ ಮಡಿಲಿಗೆ ಎಳೆದುಕೊಂಡರು.

"ಯಾರಿಗಿ ಏನ ಹೇಳ್ಲಾಕೂ ನಾ ಎಂದೂ ಅಂಜಿಲ್ಲ ಗಂಗೀ. ನಿಮ್ಮವ್ವನ ಮುಂದ ಕುಂತು ನಿನಗೇ ಹೇಳೀನಿ. ಈ ಸಲ ಬಾಯಿ ಬರಲಿಲ್ಲ. ಈ ಪಾತ್ರ ಬಿಡು ಅಂತ ಶ್ರುತಿ ಇಳಸಿದ ದಿನಾನೇ ಹೇಳಬೇಕಾಗಿತ್ತು. ಎರಡ ಸಲ ನಿನ್ನ ಕಡಿಂದ ಕಸಗೊಳ್ಳೂದು ನನ್ನ ಕೈಲೆ ಆಗಲಿಲ್ಲ. ಅದಕ್ಕ ಕಂಪನಿನೇ ನಿನ್ನ ಕೈಯಾಗ ಕೊಟ್ಟೆ. ನೀನೇ ನೋಡ್ತಿ, ನೀನೇ ಮಾಡ್ತಿ ಅಂತ ಗೊತ್ತಿತ್ತು."

ನನಗೆ ಸಿಟ್ಟೂ ಬಂತು, ನಗುವೂ ಬಂತು, ಅಳುವಂತೂ ಬಂದೇಬಂತು. "ಮತ್ತ ಕಣ್ಣಿಗಿ ಮಬ್ಬಂದ್ರಿ?" ಎಂದು ಒದರಿದೆ.

"ಅದೂ ಖರೇ ಅದ ಬಿಡು," ಎಂದರು. ಆಮೇಲೆ ಕಿವಿಯನ್ನು ನನ್ನ ಬಾಯಿಯ ಹತ್ತಿರ ತಂದರು. "ಆ ಹುಡುಗಿ ಹೆಸರೇನು?"

"ಭಾಗ್ಯಶ್ರೀ."

"ಆಂ?"

ನಾನು ಉಸಿರು ತುಂಬಿಕೊಂಡೆ. ಓಣಿಯೆಲ್ಲ ಕೇಳುವ ಹಾಗೆ ಅವಳ ಹೆಸರು ಹೇಳಿದೆ.